ಪೈಲ್ ತಳದ ಮಾದರಿ: ಬೆಂಟೊನೈಟ್ ಪರೀಕ್ಷೆ ಮತ್ತು ಶುದ್ಧೀಕರಣದಲ್ಲಿ ನನ್ನ ಅನುಭವ

ಉತ್ತರ ಕನ್ನಡದ ಒಂದು ಅಳಿವೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಯ ಕೆಲಸಕ್ಕೆ ಗುಣಮಟ್ಟ ವಿಭಾಗದ ಇಂಜಿನಿಯರ್ ಆಗಿ ನಾನು ಸೇರಿದಾಗ, ಪೈಲ್ (ನೆಲದೊಳಗೆ ಕೊರೆದು ಕಾಂಕ್ರೀಟ್ ತುಂಬುವ ಅಡಿಪಾಯದ ಕಂಬ) ಗುಂಡಿಯ ಗೋಡೆ ಕುಸಿಯದಂತೆ ತುಂಬುವ ಬೆಂಟೊನೈಟ್ ಜೇಡಿಯ ದ್ರಾವಣದ ಬಗ್ಗೆ ನನಗಿದ್ದ ತಿಳಿವಳಿಕೆ ರಿಜಿಸ್ಟರಿನ ಐದು ಕಾಲಂಗಳಷ್ಟೇ ಆಗಿತ್ತು: ಸಾಂದ್ರತೆ, ಮಾರ್ಷ್ ಕೋನಿನ (ದ್ರಾವಣ ಎಷ್ಟು ಮಂದ ಎಂದು ಅಳೆಯುವ ಲಾಳಿಕೆ) ಸೆಕೆಂಡುಗಳು, ಪಿಎಚ್, ಮರಳಿನ ಶೇಕಡಾವಾರು, ಸಹಿ. ಮೊದಲ ಹನ್ನೊಂದು ಪೈಲ್‌ಗಳಿಗೆ ಆ ಐದೂ ಕಾಲಂಗಳು ಅಚ್ಚುಕಟ್ಟಾಗಿ ತುಂಬಿದ್ದವು, ಹನ್ನೆರಡನೆಯದಕ್ಕೂ ತುಂಬಿದ್ದವು. ಆದರೆ ಆ ಹನ್ನೆರಡನೆಯ ಪೈಲ್‌ನ ಕ್ರಾಸ್‌ಹೋಲ್ ಸೋನಿಕ್ ಪರೀಕ್ಷೆಯ (ಕಾಂಕ್ರೀಟಿನಲ್ಲಿ ಹುದುಗಿಸಿದ ನಳಿಗೆಗಳ ನಡುವೆ ಶಬ್ದ ಹಾಯಿಸಿ ನೋಡುವ ಪರೀಕ್ಷೆ) ವರದಿ ಬಂದಾಗ, ತಳದ ಅರ್ಧ ಮೀಟರಿಗಿಂತ ತುಸು ಹೆಚ್ಚಿನ ಭಾಗದಲ್ಲಿ, ನಾಲ್ಕು ನಳಿಗೆಗಳ ಯಾವ ಜೋಡಿಯ ನಡುವೆಯೂ ಶಬ್ದದ ಅಲೆ ಹೊತ್ತಿಗೆ ಸರಿಯಾಗಿ ತಲುಪಿರಲಿಲ್ಲ.

ಪೈಲ್‌ನ ವ್ಯಾಸ 1200 ಮಿಲಿಮೀಟರ್, ಆಳ ಸುಮಾರು 32 ಮೀಟರ್. ಮೇಲೆ ಮೆತ್ತನೆಯ ಕಪ್ಪು ಜೇಡಿ, ಅದರ ಕೆಳಗೆ ಸಡಿಲವಾದ ಮರಳು, ಆಮೇಲೆ ಮುರಕಲ್ಲಿನ ಮಣ್ಣು, ಕೊನೆಯ ಒಂದೂವರೆ ಮೀಟರ್ ಶಿಥಿಲ ಶಿಲೆ. ಪೈಲಿನ ನಡುವೆ ಕೊರೆದು ಕೋರ್ (ಕಾಂಕ್ರೀಟಿನ ಉದ್ದನೆಯ ಮಾದರಿ) ತೆಗೆಸಿದೆವು. 31 ಮೀಟರ್ ದಾಟುವವರೆಗೂ ಬೂದು ಬಣ್ಣದ, ಜಲ್ಲಿ ಒತ್ತಾಗಿ ಕೂತಿದ್ದ ಕಾಂಕ್ರೀಟ್ ತುಂಡು ತುಂಡಾಗಿ ಬಂತು. ಆಮೇಲೆ ಡ್ರಿಲ್ ತಾನಾಗಿಯೇ ಕೆಳಗೆ ಇಳಿಯಿತು, ಕೋರ್ ಪೆಟ್ಟಿಗೆಯ ಆ ಜಾಗಕ್ಕೆ ಬಂದದ್ದು ಸಿಮೆಂಟಿನ ವಾಸನೆಯಷ್ಟೇ ಇದ್ದ ಒದ್ದೆ ಮರಳು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಬಂಡೆಯ ಮೇಲೆ ಕೂರಬೇಕಾದ ಕಂಬ ಅರ್ಧ ಮೀಟರ್ ಮರಳಿನ ಮೇಲೆ ಕೂತಿತ್ತು.

ವಿನ್ಯಾಸಕಾರರ ಒಪ್ಪಿಗೆ ಪಡೆದು, ಇನ್ನೆರಡು ರಂಧ್ರ ಕೊರೆದು, ಹೆಚ್ಚಿನ ಒತ್ತಡದ ನೀರಿನಿಂದ ಆ ಮರಳನ್ನು ತೊಳೆದು ಹೊರತೆಗೆದು, ಸಿಮೆಂಟ್ ಗ್ರೌಟ್ ತುಂಬಿ ಆ ಪೈಲನ್ನು ಉಳಿಸಿಕೊಂಡೆವು. ಅದು ಬೇರೆ ಕತೆ. ನಾನು ಇಲ್ಲಿ ಬರೆಯಬೇಕೆಂದಿರುವುದು, ರಿಜಿಸ್ಟರಿನಲ್ಲಿ ಸಾಂದ್ರತೆ 1.09, ಮರಳು ಶೇ 2 ಎಂದು ನನ್ನದೇ ಸಹಿಯೊಂದಿಗೆ ದಾಖಲಾಗಿದ್ದ ಗುಂಡಿಯ ತಳದಲ್ಲಿ ಅಷ್ಟು ಮರಳು ಹೇಗೆ ಕೂತಿತು ಎಂಬುದನ್ನು ಹುಡುಕುತ್ತಾ ಹೋಗಿ ನಾವು ಬದಲಿಸಿಕೊಂಡ ಕೆಲಸದ ಕ್ರಮವನ್ನು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಹುಡುಗ ಮಾದರಿಯನ್ನು ತೆಗೆದದ್ದು ಗುಂಡಿಯಿಂದ ತೊಟ್ಟಿಗೆ ಮರಳುವ ಕಾಲುವೆಯಿಂದ, ಮಗ್ಗಿನಲ್ಲಿ. ಅದು ಗುಂಡಿಯ ಬಾಯಿಯ ದ್ರಾವಣ. ಮರಳಿನ ಕಣಕ್ಕೆ ಮೇಲೇರುವ ಆಸೆಯಿಲ್ಲ, ಅದು ಇಳಿಯುತ್ತದೆ. ರಿಗ್‌ನ ಬಕೆಟ್ ಆಡುತ್ತಿರುವಷ್ಟು ಹೊತ್ತು ಬೆಂಟೊನೈಟ್ ಕದಡಿಕೊಂಡೇ ಇರುತ್ತದೆ, ಬಕೆಟ್ ಎತ್ತಿದ ಮೇಲೆ ಅದು ತೆಳ್ಳಗಿನ ಗಂಜಿಯಂತೆ ಗಟ್ಟಿಗೊಳ್ಳತೊಡಗಿ ನಯವಾದ ಕಣಗಳನ್ನು ಹಿಡಿದಿಟ್ಟುಕೊಂಡರೂ, ದಪ್ಪ ಮರಳು ಅದರ ಹಿಡಿತಕ್ಕೆ ಸಿಗದೆ ಗಂಟೆಗಟ್ಟಲೆ ಕೆಳಗೆ ಜಾರುತ್ತಲೇ ಇರುತ್ತದೆ. ನಮ್ಮ ಕೇಜ್ (ಕಬ್ಬಿಣದ ಸರಳುಗಳ ಪಂಜರ) ಮೂರು ತುಂಡುಗಳಲ್ಲಿ ಇಳಿಯುತ್ತಿತ್ತು, ಒಂದೊಂದು ಜೋಡಣೆಗೂ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ. ತಳವನ್ನು ಸ್ವಚ್ಛಗೊಳಿಸಿ, ಮಾದರಿ ತೆಗೆದು, ಸಹಿ ಹಾಕಿ, ಆಮೇಲೆ ಎರಡೂವರೆ ಗಂಟೆ ಕೇಜ್ ಇಳಿಸುತ್ತಾ ಕೂತರೆ, ಆ ಸಹಿ ಯಾವ ದ್ರಾವಣದ್ದು? ಕಾಂಕ್ರೀಟ್ ಎದುರಾಗುವುದು ಯಾವುದಕ್ಕೆ?

ಮೊದಲು ಮಾಡಿದ ಕೆಲಸ ತಳದ ಮಾದರಿ ತೆಗೆಯುವ ಸಾಧನವನ್ನು ನಮ್ಮ ವರ್ಕ್‌ಶಾಪಿನಲ್ಲೇ ಮಾಡಿಸಿದ್ದು. 75 ಮಿಲಿಮೀಟರ್ ವ್ಯಾಸದ, ಅರ್ಧ ಮೀಟರಿಗೆ ಚೂರು ಕಡಿಮೆ ಉದ್ದದ ಕಬ್ಬಿಣದ ಕೊಳವೆ. ಕೆಳಗೂ ಮೇಲೂ ರಬ್ಬರ್ ಅಂಚಿನ ಮುಚ್ಚಳ. ಎರಡೂ ಮುಚ್ಚಳಗಳನ್ನು ತೆರೆದಿಟ್ಟು ಇಳಿಸಿ, ಬೇಕಾದ ಆಳ ತಲುಪಿದಾಗ ಎರಡನೆಯ ಹಗ್ಗವನ್ನು ಜಗ್ಗಿದರೆ ಸ್ಪ್ರಿಂಗ್ ಬಿಚ್ಚಿ ಎರಡೂ ಮುಚ್ಚಿಕೊಳ್ಳುವ ಏರ್ಪಾಡು. ತೆರೆದು ಇಳಿಸುವುದು ಮುಖ್ಯ, ಏಕೆಂದರೆ ದಾರಿಯಲ್ಲಿ ಸಿಗುವ ದ್ರಾವಣ ಅದರೊಳಗಿಂದ ಹಾದುಹೋಗಬೇಕೇ ಹೊರತು ಅದರಲ್ಲಿ ತುಂಬಿಕೊಳ್ಳಬಾರದು. ಮೊದಲ ಸಾಧನ ಹಗುರವಾಗಿ ದ್ರಾವಣದಲ್ಲಿ ತೇಲಾಡುತ್ತಿತ್ತು. ತಳಕ್ಕೆ ಸೀಸದ ಬಳೆ ತೊಡಿಸಿದ ಮೇಲೆ ನೆಟ್ಟಗೆ ಇಳಿಯಿತು. ಅದನ್ನು ಮೊದಲ ಬಾರಿ ಬಳಸಿದ ಪೈಲ್‌ನಲ್ಲಿ, ಬಾಯಿಯ ಮಾದರಿ 1.08 ತೋರಿಸುತ್ತಿದ್ದಾಗ, ತಳದಿಂದ 30 ಸೆಂಟಿಮೀಟರ್ ಮೇಲಿನ ಮಾದರಿ 1.21 ತೋರಿಸಿತು, ಮರಳು ಶೇ 11. ಒಂದೇ ಗುಂಡಿ, ಒಂದೇ ಗಂಟೆ.

ಇಲ್ಲಿ ಸಂಹಿತೆಯ ಮಾತು ಬರುತ್ತದೆ. ಪೈಲುಗಳಿಗಿರುವ ನಮ್ಮ ಭಾರತೀಯ ಮಾನಕ ಐಎಸ್ 2911ರ ಮೊದಲ ಭಾಗದ ಎರಡನೆಯ ವಿಭಾಗ, 2010ರ ಪರಿಷ್ಕರಣೆಯ ಪ್ರಕಾರ, ಹೊಸದಾಗಿ ಕಲಸಿದ ದ್ರಾವಣದ ಸಾಂದ್ರತೆ ಮಿಲಿಲೀಟರಿಗೆ 1.03ರಿಂದ 1.10 ಗ್ರಾಂ ನಡುವೆ, ಪಿಎಚ್ 9ರಿಂದ 11.5ರ ನಡುವೆ, ಮಾರ್ಷ್ ಕೋನಿನಲ್ಲಿ 30ರಿಂದ 60 ಸೆಕೆಂಡುಗಳ ನಡುವೆ ಇರಬೇಕು. ಗುಂಡಿಯ ಮಣ್ಣು ಬೆರೆತ ಮೇಲೆ ಸಾಂದ್ರತೆ 1.25ರವರೆಗೆ ಹೋಗಬಹುದು. ಆ 1.25 ಎಂಬ ಅಂಕಿಯನ್ನು ನಮ್ಮ ಸೈಟುಗಳಲ್ಲಿ ‘ಅಷ್ಟರವರೆಗೆ ಪರವಾಗಿಲ್ಲ’ ಎಂದು ಓದಿಕೊಳ್ಳುತ್ತಾರೆ. ನಾನೂ ಹಾಗೆಯೇ ಓದಿಕೊಂಡಿದ್ದೆ. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಶುದ್ಧ ದ್ರಾವಣ 1.03, ಮರಳಿನ ಕಣ ಸುಮಾರು 2.65. ದ್ರಾವಣದ ಗಾತ್ರದಲ್ಲಿ ಪ್ರತಿ ಶೇ 1ರಷ್ಟು ಮರಳು ಸೇರಿದಾಗ ಸಾಂದ್ರತೆ ಸುಮಾರು 0.016 ಏರುತ್ತದೆ. ಹಾಗಾದರೆ ಬರೀ ಮರಳಿನಿಂದಲೇ 1.25 ತಲುಪಿದ ದ್ರಾವಣದಲ್ಲಿ ಹೆಚ್ಚುಕಡಿಮೆ ಶೇ 13ರಿಂದ 14ರಷ್ಟು ಮರಳು ತೇಲುತ್ತಿರುತ್ತದೆ. 32 ಮೀಟರ್ ಎತ್ತರದ ಆ ಕಂಬದ ಮರಳೆಲ್ಲ ಕೂತರೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಗುಣಿಸಿ ನೋಡಿದ ಮೇಲೆ, ನಾನು ಆ ಅಂಕಿಯನ್ನು ಗಡಿಯೆಂದು ಎಣಿಸುವುದನ್ನು ಬಿಟ್ಟೆ. ಯುರೋಪಿನ ಪೈಲ್ ಮಾನಕ ಇಎನ್ 1536 ಕಾಂಕ್ರೀಟ್ ಸುರಿಯುವ ಮುನ್ನ ಸಾಂದ್ರತೆ 1.15ಕ್ಕಿಂತ, ಮರಳು ಶೇ 4ಕ್ಕಿಂತ ಕಡಿಮೆ ಇರಬೇಕೆನ್ನುತ್ತದೆ. ಸಲಹೆಗಾರರೊಂದಿಗೆ ಮಾತಾಡಿ ತಳದ ಮಾದರಿಗೆ ಆ ಎರಡು ಅಂಕಿಗಳನ್ನೇ ನಮ್ಮ ವಿಧಾನ ಪತ್ರದಲ್ಲಿ ಬರೆದುಕೊಂಡೆವು.

ಸಾಂದ್ರತೆಯೊಂದನ್ನೇ ನಂಬಬಾರದು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಮಡ್ ಬ್ಯಾಲೆನ್ಸಿನ ತಕ್ಕಡಿಗೆ ಮರಳು ಯಾವುದು, ನುಣ್ಣನೆಯ ಹೂಳು ಯಾವುದು ಎಂದು ಗೊತ್ತಾಗುವುದಿಲ್ಲ. ಎರಡೂ ಅದಕ್ಕೆ ಭಾರವೇ. ಆದರೆ ಮರಳು ಕೂರುತ್ತದೆ, ಹೂಳು ಬಹಳ ಹೊತ್ತು ಕೂರುವುದಿಲ್ಲ; ಮರಳನ್ನು ಡಿಸ್ಯಾಂಡರ್ ಎಂಬ ಯಂತ್ರ ತೆಗೆಯುತ್ತದೆ, ಹೂಳನ್ನು ತೆಗೆಯುವುದಿಲ್ಲ. ಹೀಗಾಗಿ ಎರಡು ಅಂಕಿಗಳನ್ನೂ ಒಟ್ಟಿಗೆ ಓದಿದಾಗಷ್ಟೇ ಮುಂದೇನು ಮಾಡಬೇಕೆಂಬುದು ತಿಳಿಯುತ್ತದೆ.

ಪರೀಕ್ಷೆಯ ಕೊಠಡಿ ಎಂದರೆ ರಿಗ್‌ನಿಂದ ಇಪ್ಪತ್ತು ಹೆಜ್ಜೆ ದೂರದ, ತಗಡಿನ ಮಾಡಿನ ಒಂದು ಕಟ್ಟೆ. ಸಾಧನಗಳು ಸರಳ, ಆದರೆ ಕೈತಪ್ಪುಗಳು ಅವುಗಳಲ್ಲೇ ಹೆಚ್ಚು. ಮಡ್ ಬ್ಯಾಲೆನ್ಸಿನ ಬಟ್ಟಲನ್ನು ಅಂಚಿನವರೆಗೆ ತುಂಬಿ ಮುಚ್ಚಳ ಒತ್ತಿದಾಗ ಅದರ ನಡುವಿನ ಸಣ್ಣ ತೂತಿನಿಂದ ದ್ರಾವಣ ಹೊರಗೆ ಉಕ್ಕಲೇಬೇಕು. ಉಕ್ಕದಿದ್ದರೆ ಒಳಗೆ ಗಾಳಿಯಿದೆ ಎಂದರ್ಥ. ಉಕ್ಕಿದ್ದನ್ನು ಒರೆಸದೆ ತೂಗಿದರೂ ತಪ್ಪು. ಪ್ರತಿ ಬೆಳಿಗ್ಗೆ ಸಿಹಿನೀರು ತುಂಬಿ 1.00 ತೋರಿಸುತ್ತದೆಯೇ ಎಂದು ನೋಡುವ ಪದ್ಧತಿ ಹಾಕಿಕೊಂಡ ಮೊದಲ ವಾರದಲ್ಲೇ ತಕ್ಕಡಿ 1.02 ತೋರಿಸುತ್ತಿರುವುದು ಪತ್ತೆಯಾಯಿತು. ತೋಳಿನ ಕೆಳಗೆ ಒಣಗಿದ ಬೆಂಟೊನೈಟ್ ಹಕ್ಕಳೆಗಟ್ಟಿತ್ತು.

ಮಾರ್ಷ್ ಕೋನಿನ ತಕರಾರು ಇನ್ನೂ ಸ್ವಾರಸ್ಯದ್ದು. ಹಗಲು ಪಾಳಿಯವನು 34 ಸೆಕೆಂಡ್ ಬರೆದರೆ ರಾತ್ರಿ ಪಾಳಿಯವನು ಅದೇ ತೊಟ್ಟಿಯ ದ್ರಾವಣಕ್ಕೆ 37 ಬರೆಯುತ್ತಿದ್ದ. ಇಬ್ಬರೂ ಜಾಗರೂಕರು. ಪಕ್ಕದಲ್ಲಿ ನಿಂತು ನೋಡಿದಾಗ, ಹಗಲಿನವನು ಕೆಳಗಿನ ಮಗ್ಗಿನ 946 ಮಿಲಿಲೀಟರ್ ಗೆರೆಗೆ ಗಡಿಯಾರ ನಿಲ್ಲಿಸುತ್ತಿದ್ದ, ರಾತ್ರಿಯವನು ಒಂದು ಲೀಟರ್ ತುಂಬುವವರೆಗೆ ಕಾಯುತ್ತಿದ್ದ. ಕೋನಿನಲ್ಲಿ ಜರಡಿಯ ಮಟ್ಟದವರೆಗೆ 1500 ಮಿಲಿಲೀಟರ್ ತುಂಬಿ, ಅದರಲ್ಲಿ ಒಂದು ಅಮೆರಿಕನ್ ಕ್ವಾರ್ಟ್, ಅಂದರೆ 946 ಮಿಲಿಲೀಟರ್, ಇಳಿಯಲು ಹಿಡಿಯುವ ಸೆಕೆಂಡುಗಳೇ ಅಳತೆ, ಸಿಹಿನೀರಾದರೆ 26. ಒಂದು ಲೀಟರಿಗೆ ಅದೇ ನೀರು ಸುಮಾರು 28 ತೆಗೆದುಕೊಳ್ಳುತ್ತದೆ. ಆ ದಿನವೇ 946ರ ಗೆರೆಯ ಸುತ್ತ ಕೆಂಪು ಬಣ್ಣ ಬಳಿಸಿದೆ, ಪ್ರತಿ ಪಾಳಿಯ ಆರಂಭದಲ್ಲಿ ನೀರಿನ 26 ಸೆಕೆಂಡನ್ನು ಬರೆಯುವ ಆರನೆಯ ಕಾಲಂ ರಿಜಿಸ್ಟರಿಗೆ ಸೇರಿತು.

ಮರಳಿನ ಪರೀಕ್ಷೆಯನ್ನು ನಾನೇ ಮಾಡಲು ಇಷ್ಟಪಡುತ್ತಿದ್ದೆ, ಏಕೆಂದರೆ ಗುಂಡಿಯ ತಳದ ಸುದ್ದಿ ಕಣ್ಣಿಗೆ ಕಾಣುವುದು ಅದರಲ್ಲಿ ಮಾತ್ರ. ಕತ್ತು ಸಪೂರವಾದ ಗಾಜಿನ ನಳಿಗೆಯಲ್ಲಿ ಮೊದಲ ಗೆರೆಯವರೆಗೆ ದ್ರಾವಣ, ಎರಡನೆಯ ಗೆರೆಯವರೆಗೆ ನೀರು. ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಚೆನ್ನಾಗಿ ಅಲುಗಾಡಿಸಿ, 75 ಮೈಕ್ರಾನಿನ ಜರಡಿಯ ಮೇಲೆ ಸುರಿಯಬೇಕು. ಜರಡಿಯಿಂದ ಇಳಿಯುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅವಸರದವರು ಇಲ್ಲಿಯೇ ನಿಲ್ಲಿಸಿ, ಜೇಡಿಯನ್ನೂ ಮರಳೆಂದು ಅಳೆದುಬಿಡುತ್ತಾರೆ. ಆಮೇಲೆ ಜರಡಿಯ ಮೇಲೆ ಲಾಳಿಕೆ ಕವುಚಿ, ತಲೆಕೆಳಗು ಮಾಡಿ, ನೀರು ಚಿಮುಕಿಸುತ್ತಾ ಆ ಮರಳನ್ನು ಮತ್ತೆ ನಳಿಗೆಗೆ ಇಳಿಸಿದರೆ, ಅದು ಸಪೂರ ತುದಿಯಲ್ಲಿ ಕೂತು ತನ್ನ ಶೇಕಡಾವಾರನ್ನು ತಾನೇ ತೋರಿಸುತ್ತದೆ. ನಮ್ಮ ಸೈಟಿನಲ್ಲಿ ಆ ತುದಿಯ ಬಣ್ಣವೂ ಮಾತಾಡುತ್ತಿತ್ತು: ಬಿಳಿ ಮರಳಿದ್ದರೆ ಮೇಲಿನ ಪದರದ ಗೋಡೆ ಉದುರುತ್ತಿದೆ, ಹಳದಿ ಬೆರೆತ ಚೂಪು ಕಣಗಳಿದ್ದರೆ ಅದು ತಳದ ಶಿಥಿಲ ಶಿಲೆಯನ್ನು ಕೊರೆದಾಗ ಉಳಿದ ಪುಡಿ.

ಈ ಎಲ್ಲದಕ್ಕೂ ಮೊದಲಿನದು ನೀರು. ಬೆಂಟೊನೈಟ್ ಗುಜರಾತಿನ ಕಚ್ಛದಿಂದ ಚೀಲಗಳಲ್ಲಿ ಬರುತ್ತಿತ್ತು; ಪ್ರತಿ ಲಾರಿಯಿಂದ ಮಾದರಿ ತೆಗೆದು ದ್ರವ ಮಿತಿ (ಎಷ್ಟು ನೀರು ಕುಡಿದ ಮೇಲೆ ಜೇಡಿ ಹರಿಯತೊಡಗುತ್ತದೆ ಎಂಬ ಶೇಕಡಾವಾರು) 400ಕ್ಕೆ ಕಡಿಮೆಯಿಲ್ಲವೆಂದು ಖಾತ್ರಿ ಮಾಡಿಕೊಂಡೇ ಇಳಿಸಿಕೊಳ್ಳುತ್ತಿದ್ದೆವು. ಒಂದು ಘನ ಮೀಟರ್ ನೀರಿಗೆ 50 ಕಿಲೋ ಪುಡಿ, ರಭಸದ ಮಿಕ್ಸರ್, ಆಮೇಲೆ ಕನಿಷ್ಠ ಒಂದು ರಾತ್ರಿ ನೆನೆಯಲು ಬಿಡುವುದು. ಮಳೆಗಾಲ ಮುಗಿದ ಮೇಲೆ ಆರಂಭವಾದ ಕೆಲಸದಲ್ಲಿ ಇದೆಲ್ಲ ಸರಾಗವಾಗಿ ನಡೆಯಿತು. ಮಾರ್ಚ್ ತಿಂಗಳಲ್ಲಿ, ಅದೇ ಪುಡಿ, ಅದೇ ಅಳತೆ, ಅದೇ ಮಿಕ್ಸರಿನಿಂದ ಬಂದ ದ್ರಾವಣ ಬೆಳಗಾಗುವಷ್ಟರಲ್ಲಿ ತೊಟ್ಟಿಯ ಮೇಲೆ ಒಂದು ಗೇಣು ತಿಳಿನೀರು ಬಿಟ್ಟಿತ್ತು. ಮಾರ್ಷ್ 29. ಫಿಲ್ಟರ್ ಪ್ರೆಸ್ಸಿನಲ್ಲಿ 7 ಬಾರ್ ಒತ್ತಡದಲ್ಲಿ 30 ನಿಮಿಷ ಇಟ್ಟರೆ, ಹಿಂದೆ 18 ಮಿಲಿಲೀಟರ್ ನೀರು ಸೋರುತ್ತಿದ್ದಲ್ಲಿ ಈಗ 40 ದಾಟಿತು, ಕಾಗದದ ಮೇಲೆ ಕೂತ ಪದರ ತೆಳ್ಳಗೆ ಬಿಗಿಯಾಗಿರುವ ಬದಲು ದೋಸೆಯ ಹಿಟ್ಟಿನಂತೆ ದಪ್ಪವಾಗಿ ಉಬ್ಬಿತ್ತು. ಅಂಥ ಪದರ ಗುಂಡಿಯ ಗೋಡೆಯನ್ನು ಹಿಡಿಯುವುದಿಲ್ಲ.

ಪೂರೈಕೆದಾರನಿಗೆ ಫೋನ್ ಮಾಡಿ ಜಗಳವಾಡುವ ಮೊದಲು, ಪಕ್ಕದ ಗದ್ದೆಯ ಹಿರಿಯರೊಬ್ಬರು ನಾವು ದ್ರಾವಣ ಕಲಸಲು ಬಳಸುತ್ತಿದ್ದ ಬಾವಿಯ ನೀರನ್ನು ಬಾಯಿಗೆ ಹಾಕಿಕೊಂಡು ಉಗಿದದ್ದು ನಮ್ಮ ಅದೃಷ್ಟ. ಕಾಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಕಡೆಗಳಲ್ಲೆಲ್ಲ ಬೇಸಿಗೆಯಲ್ಲಿ ಹೊಳೆಯ ಹರಿವು ಸೊರಗಿದಂತೆ ಉಪ್ಪುನೀರು ಒಳನಾಡಿಗೆ ಏರುತ್ತದೆ. ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರಿಗೆ ಇದು ಹೊಸದಲ್ಲ, ನಮಗೆ ಹೊಸದಾಗಿತ್ತು. ಕಾಂಕ್ರೀಟಿನ ನೀರಿಗಾಗಿ ಹೇಗೂ ಮಾಡುತ್ತಿದ್ದ, ಉಪ್ಪಿನಂಶ ತೋರಿಸುವ ಸಿಲ್ವರ್ ನೈಟ್ರೇಟ್ ಪರೀಕ್ಷೆಯನ್ನು ಬೆಂಟೊನೈಟಿನ ನೀರಿಗೆ ಯಾರೂ ಮಾಡಿರಲಿಲ್ಲ. ಸೋಡಾ ಆ್ಯಶ್ ಹಾಕಿ ಸರಿಪಡಿಸೋಣವೆಂದು ಮೇಲ್ವಿಚಾರಕರು ಹೇಳಿದರು; ಅದು ಗಡಸು ನೀರಿನ ಕ್ಯಾಲ್ಸಿಯಂ ತೆಗೆಯುತ್ತದೆಯೇ ಹೊರತು ಅಡಿಗೆ ಉಪ್ಪನ್ನು ಏನೂ ಮಾಡುವುದಿಲ್ಲ. ಹೊಳೆಯ ಮೇಲ್ಭಾಗದಿಂದ ಟ್ಯಾಂಕರಿನಲ್ಲಿ ಸಿಹಿನೀರು ತರಿಸುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಸಿಹಿನೀರಿನಲ್ಲಿ ಪೂರ್ತಿ ನೆನೆದು ಉಬ್ಬಿದ ಬೆಂಟೊನೈಟ್, ಆಮೇಲೆ ಗುಂಡಿಯಲ್ಲಿ ಸ್ವಲ್ಪ ಉಪ್ಪುನೀರು ತಾಗಿದರೂ ಒಣ ಪುಡಿಯಷ್ಟು ಬೇಗ ಸೋಲುವುದಿಲ್ಲ. ಆದ್ದರಿಂದ ನೆನೆಯುವ ಸಮಯವನ್ನು ಆ ತಿಂಗಳಿನಿಂದ 24 ಗಂಟೆಗೆ ಏರಿಸಿದೆ. ತೊಟ್ಟಿಗಳ ಸಂಖ್ಯೆ ಹೆಚ್ಚಿಸಬೇಕಾಗಿ ಬಂದಾಗ ಯೋಜನಾ ಕಚೇರಿಯಲ್ಲಿ ಮೂಗು ಮುರಿದವರಿದ್ದರು. ಒಂದು ಪೈಲ್‌ನ ಗಾತ್ರ 36 ಘನ ಮೀಟರ್. ಅದರ ಎರಡರಷ್ಟು ಒಳ್ಳೆಯ ದ್ರಾವಣ ಸಿದ್ಧವಿರದೆ ಗುಂಡಿ ಆರಂಭಿಸುವುದಿಲ್ಲವೆಂದು ಪಟ್ಟು ಹಿಡಿದೆ.

ಇನ್ನು ಸ್ವಚ್ಛಗೊಳಿಸುವ ಕೆಲಸ. ನಮ್ಮಲ್ಲಿದ್ದದ್ದು ಕಂಪಿಸುವ ಜರಡಿಯೂ ಎರಡು ದೊಡ್ಡ ಹೈಡ್ರೋಸೈಕ್ಲೋನುಗಳೂ ಇದ್ದ ಡಿಸ್ಯಾಂಡರ್. ಪಂಪಿನಿಂದ ರಭಸವಾಗಿ ಅಂಚಿಗೆ ನುಗ್ಗುವ ದ್ರಾವಣ ಕೋನಿನೊಳಗೆ ಸುಳಿಯಾಗಿ ತಿರುಗಿ, ಭಾರದ ಮರಳು ಗೋಡೆ ಹಿಡಿದು ಕೆಳಗಿನ ಬಾಯಿಂದ ಬೀಳುತ್ತದೆ, ಹಗುರಾದ ದ್ರಾವಣ ನಡುವಿನಿಂದ ಮೇಲೇರಿ ತೊಟ್ಟಿಗೆ ಹೋಗುತ್ತದೆ. ಯಂತ್ರ ಸದ್ದು ಮಾಡುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದು ಎಣಿಸಿದ್ದ ನನಗೆ ಅದರ ಆಪರೇಟರ್ ಕಲಿಸಿದ ಪಾಠವೊಂದಿದೆ: ಕೆಳಗಿನ ಬಾಯಿಯನ್ನು ನೋಡು. ಮರಳು ಅಲ್ಲಿಂದ ಛತ್ರಿ ಬಿಚ್ಚಿದಂತೆ ಚದುರಿ ಬೀಳುತ್ತಿದ್ದರೆ ಒಳಗೆ ಸುಳಿ ಸರಿಯಾಗಿದೆ, ಗಾಳಿಯ ಕಂಬ ನಡುವೆ ನಿಂತಿದೆ. ಹಗ್ಗ ಇಳಿಬಿಟ್ಟಂತೆ ದಪ್ಪಗೆ, ನಿಧಾನವಾಗಿ ಇಳಿಯತೊಡಗಿದರೆ ಅದಕ್ಕೆ ಅಜೀರ್ಣವಾಗಿದೆ. ಹೊರಗೆ ಹೋಗಲು ಜಾಗ ಸಾಲದ ಮರಳು ಮೇಲಿನ ದಾರಿಯಿಂದ ಮತ್ತೆ ಒಳ್ಳೆಯ ತೊಟ್ಟಿಗೇ ಸೇರುತ್ತಿರುತ್ತದೆ. ಆಗ ದ್ರಾವಣ ಸೇರುವ ವೇಗ ತಗ್ಗಿಸಬೇಕು ಅಥವಾ ಬಾಯಿಯ ರಬ್ಬರ್ ಬದಲಿಸಬೇಕು. ಒತ್ತಡದ ಮಾಪಕ ಎರಡೂವರೆ ಬಾರ್‌ನಿಂದ ಒಂದೂವರೆಗೆ ಇಳಿದದ್ದನ್ನು ಒಮ್ಮೆ ಯಾರೂ ಗಮನಿಸದೆ, ಪಂಪಿನ ಇಂಪೆಲ್ಲರ್ ಸವೆದು ಅರ್ಧವಾಗಿದ್ದರೂ ಮೂರು ದಿನ ಯಂತ್ರ ಓಡಿಸಿದ್ದೆವು. ಒಳಗೆ ಹೋದ ಮರಳಿನ ಬಹುಪಾಲು ಹಾಗೆಯೇ ಹೊರಬರುತ್ತಿತ್ತು. ಆಮೇಲೆ ಡಿಸ್ಯಾಂಡರಿಗೆ ಹೋಗುವ ಕೊಳವೆಯಿಂದ ಒಂದು, ಬರುವ ಕೊಳವೆಯಿಂದ ಒಂದು, ಹೀಗೆ ಜೋಡಿ ಮಾದರಿ ತೆಗೆಯಲಾರಂಭಿಸಿದೆವು. ಎರಡರ ನಡುವಿನ ಅಂತರವೇ ಯಂತ್ರದ ಆರೋಗ್ಯ.

ಎಷ್ಟು ತಿರುಗಿಸಿದರೂ ಸಾಂದ್ರತೆ 1.17ಕ್ಕಿಂತ ಇಳಿಯದ ದಿನಗಳೂ ಬಂದವು, ವಿಶೇಷವಾಗಿ ಕಪ್ಪು ಜೇಡಿಯ ಪದರ ದಪ್ಪಗಿದ್ದ ಕಡೆ. ಮರಳಿನ ನಳಿಗೆ ಶೇ 2 ತೋರಿಸುತ್ತಿದ್ದರೂ ತಕ್ಕಡಿ ಮಾತ್ರ ಇಳಿಯುವುದಿಲ್ಲ. ಅದು ಹೂಳು ಮತ್ತು ಜೇಡಿ; ಅಷ್ಟು ನುಣ್ಣಗಿನ ಕಣವನ್ನು ಆ ಗಾತ್ರದ ಹೈಡ್ರೋಸೈಕ್ಲೋನ್ ಹಿಡಿಯದು. ಅಲ್ಲಿ ಗಂಟೆಗಟ್ಟಲೆ ಯಂತ್ರ ಓಡಿಸುವುದು ಡೀಸೆಲ್ ಸುಡುವುದಷ್ಟೇ. ತಳದಿಂದ ಅರ್ಧದಷ್ಟು ಹಳೆಯದನ್ನು ಎತ್ತಿ ತ್ಯಾಜ್ಯದ ತೊಟ್ಟಿಗೆ ಕಳಿಸಿ, ಅಷ್ಟೇ ಹೊಸ ದ್ರಾವಣವನ್ನು ಮೇಲಿನಿಂದ ತುಂಬಿದರೆ 1.17 ಮತ್ತು 1.03 ಬೆರೆತು 1.10ರ ಆಸುಪಾಸಿಗೆ ಬರುತ್ತದೆ. ಒಳ್ಳೆಯ ಬೆಂಟೊನೈಟನ್ನು ಚೆಲ್ಲುತ್ತೀರಿ ಎಂಬ ದೂರು ಬಂತು. ಚೆಲ್ಲಿದ್ದು ಬೆಂಟೊನೈಟಲ್ಲ, ಜೇಡಿ ಎಂದು ಜಾಡಿಯಲ್ಲಿ ತುಂಬಿ ತೋರಿಸಿದ ಮೇಲೆ ದೂರು ನಿಂತಿತು.

ಹನ್ನೆರಡನೆಯ ಪೈಲ್‌ನ ನಂತರ ಬದಲಾದ ಕ್ರಮ ಹೀಗೆ. ಆಳ ಮುಟ್ಟಿದ ಮೇಲೆ ಚಪ್ಪಟೆ ತಳದ ಬಕೆಟಿನಿಂದ ಒಮ್ಮೆ ಗುಡಿಸುವುದು, ಅರ್ಧ ಗಂಟೆ ಸುಮ್ಮನೆ ಬಿಟ್ಟು ಇನ್ನೊಮ್ಮೆ ಗುಡಿಸುವುದು. ಆಮೇಲೆ ತಳದ ದ್ರಾವಣವನ್ನು ಡಿಸ್ಯಾಂಡರಿನ ಮೂಲಕ ತಿರುಗಿಸಿ ಮೂರು ಆಳಗಳಿಂದ ಮಾದರಿ ತೆಗೆಯುವುದು. ಅದು ಪಾಸಾದರೆ ಕೇಜ್ ಇಳಿಸುವುದು, ಟ್ರೆಮಿ (ಕಾಂಕ್ರೀಟನ್ನು ತಳಕ್ಕೆ ಮುಟ್ಟಿಸುವ ಕೊಳವೆ) ಇಳಿಸುವುದು. ನಂತರ, ಹಿಂದೆ ನಾವು ಮಾಡದಿದ್ದ ಕೆಲಸ: ಟ್ರೆಮಿಯೊಳಗೆ ಗಾಳಿಯ ಕೊಳವೆ ಇಳಿಸಿ ಏರ್‌ಲಿಫ್ಟ್ ಮಾಡುವುದು. ಕಂಪ್ರೆಸರಿನ ಗಾಳಿ ಟ್ರೆಮಿಯೊಳಗಿನ ದ್ರಾವಣವನ್ನು ಹಗುರಗೊಳಿಸಿ ಮೇಲೆ ಎತ್ತುತ್ತದೆ, ತಳದಲ್ಲಿ ಕೂತ ಮರಳು ಅದರೊಂದಿಗೆ ಹೀರಿಕೊಂಡು ಬರುತ್ತದೆ. ಮೊದಲ ನಿಮಿಷ ಬರುವುದು ಕಂದು ನೀರು, ಆಮೇಲೆ ಕೊಳವೆಯೊಳಗೆ ಜಲ್ಲಿ ಉಜ್ಜಿದಂತೆ ಕರಕರ ಸದ್ದು ಕೇಳುತ್ತದೆ; ಆ ಸದ್ದು ನಿಂತ ಮೇಲೆಯೂ ಇಪ್ಪತ್ತು ನಿಮಿಷ ಬಿಡುವುದಿಲ್ಲ. ಟ್ರೆಮಿಯನ್ನು ಒಂದೇ ಕಡೆ ನಿಲ್ಲಿಸದೆ ಕೇಜಿನೊಳಗೆ ಸಾಧ್ಯವಾದಷ್ಟು ಸರಿಸುತ್ತಾ, ತೂಕದ ಹಗ್ಗ ಇಳಿಸಿ ನಾಲ್ಕು ಕಡೆ ಆಳ ನೋಡುವುದು. ತೂಕ ಬಂಡೆಗೆ ಬಡಿದರೆ ಕೈಗೆ ‘ಟಣ್’ ಎಂದು ತಿಳಿಯುತ್ತದೆ, ಮರಳಿಗೆ ಬಿದ್ದರೆ ಹಾಸಿಗೆಗೆ ಬಿದ್ದಂತೆ ಮೆತ್ತಗಿರುತ್ತದೆ. ರಾತ್ರಿ ಪಾಳಿಯ ಫೋರ್‌ಮನ್ ಒಬ್ಬರು ಈ ಕೈಗುಣದಲ್ಲಿ ಎಷ್ಟು ಪಳಗಿದ್ದರೆಂದರೆ, ಟೇಪ್ ಓದುವ ಮೊದಲೇ ‘ಇನ್ನೂ ನಾಲ್ಕು ಬೆರಳು ಇದೆ ಸಾರ್’ ಎನ್ನುತ್ತಿದ್ದರು.

ಏರ್‌ಲಿಫ್ಟ್ ಹೀರುವಷ್ಟೇ ವೇಗದಲ್ಲಿ ಮೇಲಿನಿಂದ ದ್ರಾವಣ ತುಂಬದಿದ್ದರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿದೆವು. ಗುಂಡಿಯ ಮಟ್ಟವನ್ನು ಉಬ್ಬರದ ಗರಿಷ್ಠ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲೆ ಕಾಯ್ದುಕೊಳ್ಳಬೇಕಿತ್ತು. ಲೈನರಿನ (ಗುಂಡಿಯ ಮೇಲ್ಭಾಗಕ್ಕೆ ಇಳಿಸಿದ ಉಕ್ಕಿನ ಕೊಳವೆ) ಕೆಳಗೆ ಮರಳಿನ ಗೋಡೆಯನ್ನು ಹಿಡಿದು ನಿಲ್ಲಿಸಿರುವುದು ಆ ಹೆಚ್ಚಿನ ಒತ್ತಡವೇ. ಒಂದು ನಸುಕಿನಲ್ಲಿ, ಹೊರಗೆ ಉಬ್ಬರ ಏರುತ್ತಿದ್ದಾಗ, ತುಂಬುವ ಕೊಳವೆ ಟ್ರಕ್ಕಿನ ಚಕ್ರದಡಿ ಸಿಕ್ಕಿ ಮಡಿಚಿಕೊಂಡಿತು. ಏರ್‌ಲಿಫ್ಟ್ ಓಡುತ್ತಲೇ ಇತ್ತು. ಯಾರೋ ಕೂಗಿ ಗಾಳಿಯ ವಾಲ್ವ್ ಮುಚ್ಚುವಷ್ಟರಲ್ಲಿ ಮಟ್ಟ ಒಂದು ಮೀಟರಿಗಿಂತ ಹೆಚ್ಚು ಇಳಿದಿತ್ತು, ತೂಕ ಇಳಿಸಿದಾಗ ತಳ 40 ಸೆಂಟಿಮೀಟರ್ ಮೇಲೆ ಬಂದಿತ್ತು. ಗೋಡೆ ಸ್ವಲ್ಪ ಕುಸಿದಿತ್ತು. ಆ ಮರಳನ್ನು ಹೊರತೆಗೆಯಲು ಮೂರು ಗಂಟೆ ಹಿಡಿಯಿತು. ಅಂದಿನಿಂದ ಲೈನರಿನ ಒಳಗೋಡೆಗೆ ಕೆಂಪು ಗೆರೆ, ಆ ಗೆರೆಯನ್ನು ನೋಡುತ್ತಾ ಕೂರುವುದೊಂದೇ ಕೆಲಸವಾದ ಒಬ್ಬ ಮನುಷ್ಯ.

ಇಷ್ಟೆಲ್ಲ ಸರಿಯಿದ್ದರೂ ಕೆಡಿಸುವುದು ಕಾಂಕ್ರೀಟಿನ ಲಾರಿ. ಬ್ಯಾಚಿಂಗ್ ಪ್ಲಾಂಟ್ ನಲವತ್ತು ನಿಮಿಷದ ದಾರಿ. ಏರ್‌ಲಿಫ್ಟ್ ಆರಂಭವಾದಾಗಲೇ ಫೋನ್ ಮಾಡಿ ಲಾರಿ ಕರೆಸಿಕೊಳ್ಳುವುದು ರೂಢಿ, ಏಕೆಂದರೆ ಆಮೇಲೆ ಕರೆಸಿದರೆ ಒಂದು ಗಂಟೆ ವ್ಯರ್ಥ. ನಾಲ್ಕು ಟ್ರಾನ್ಸಿಟ್ ಮಿಕ್ಸರುಗಳು ಡ್ರಮ್ ತಿರುಗಿಸುತ್ತಾ ಸಾಲಾಗಿ ನಿಂತಿರುವಾಗ, ಸ್ಲಂಪ್ (ಹಸಿ ಕಾಂಕ್ರೀಟಿನ ಸಡಿಲತೆ) ಇಳಿಯುತ್ತಿದೆ ಎಂದು ಒಬ್ಬರು ಹೇಳುತ್ತಿರುವಾಗ, ಮರಳಿನ ನಳಿಗೆಯಲ್ಲಿ ಶೇ 5 ಕಂಡ ಹುಡುಗನಿಗೆ ಅದು ಶೇ 4ರಂತೆಯೇ ಕಾಣುತ್ತದೆ. ನಾನು ಅವನನ್ನು ಬೈಯಲಿಲ್ಲ. ಅವನ ಜಾಗದಲ್ಲಿ ನಿಂತು ನಾನೂ ಒಮ್ಮೆ ಹಾಗೆಯೇ ಓದಿದ್ದೆ. ಬದಲಿಗೆ, ಏರ್‌ಲಿಫ್ಟಿನ ನಂತರದ ತಳದ ಮಾದರಿ ಪಾಸಾಗದೆ ಪ್ಲಾಂಟಿಗೆ ಫೋನ್ ಹೋಗಬಾರದೆಂದು ಬರೆಸಿದೆವು. ಲಾರಿ ಬರುವ ಆ ಒಂದು ಗಂಟೆಯಲ್ಲಿ ಏರ್‌ಲಿಫ್ಟ್ ಸಣ್ಣಗೆ ಓಡುತ್ತಲೇ ಇರುತ್ತದೆ, ಮೊದಲ ಲಾರಿ ಗೇಟು ದಾಟಿದಾಗ ಇನ್ನೊಂದು ಮಾದರಿ. ಯೋಜನಾ ವೇಳಾಪಟ್ಟಿಯಲ್ಲಿ ಪ್ರತಿ ಪೈಲ್‌ಗೆ ಎರಡು ಗಂಟೆ ಹೆಚ್ಚಾಯಿತು. ಗ್ರೌಟ್ ಮಾಡಿದ ಪೈಲ್ ತಿಂದ ಹತ್ತೊಂಬತ್ತು ದಿನಗಳ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟಾಗ ಯಾರೂ ಮಾತಾಡಲಿಲ್ಲ.

ಸುರಿಯುವಾಗ ಹೊರಬರುವ ದ್ರಾವಣವನ್ನು ಪಿಎಚ್ ಕಾಗದ ಹಿಡಿದು ಎರಡು ಪಾಲು ಮಾಡುತ್ತಿದ್ದೆವು. ಮೇಲಿನ ಬಹುಭಾಗ ಹಾಗೆಯೇ ಡಿಸ್ಯಾಂಡರಿಗೆ, ಮರುಬಳಕೆಗೆ. ಕಾಂಕ್ರೀಟಿಗೆ ತಾಗಿಕೊಂಡಿದ್ದ ಕೊನೆಯ ಎರಡು ಮೂರು ಮೀಟರಿನದು ಬೇರೆ. ಸಿಮೆಂಟಿನ ಸುಣ್ಣ ಸೇರಿ ಪಿಎಚ್ 12ಕ್ಕೆ ಏರಿ, ಹಾಲು ಒಡೆದಂತೆ ಗಡ್ಡೆಗಟ್ಟಿರುತ್ತದೆ. ಅದನ್ನು ಒಳ್ಳೆಯ ತೊಟ್ಟಿಗೆ ಬಿಟ್ಟರೆ ತೊಟ್ಟಿ ಪೂರ್ತಿ ಕೆಡುತ್ತದೆ. ಸ್ವಲ್ಪವೇ ಸೇರಿದ್ದರೆ ಸೋಡಿಯಂ ಬೈಕಾರ್ಬೊನೇಟ್ ಹಾಕಿ ಸರಿಪಡಿಸಬಹುದು, ಮಾಡಿಯೂ ಇದ್ದೇವೆ. ಆದರೆ ಗಡ್ಡೆಗಟ್ಟಿದ್ದನ್ನು ಉಳಿಸಲು ಹೋಗಿ ಬಂದ ಲಾಭವೇನೂ ಇಲ್ಲ.

ತ್ಯಾಜ್ಯದ ವಿಷಯದಲ್ಲಿ ಒಮ್ಮೆ ತಲೆತಗ್ಗಿಸಬೇಕಾಯಿತು. ಒಂದು ರಾತ್ರಿ ತ್ಯಾಜ್ಯದ ತೊಟ್ಟಿಯ ವಾಲ್ವ್ ಸೋರಿ, ಬೆಳಗಾಗುವಷ್ಟರಲ್ಲಿ ಬೂದು ಬಣ್ಣದ ಕೆಸರು ಇಳಿತದ ನೀರಿನೊಂದಿಗೆ ಹರಡಿಕೊಂಡಿತ್ತು. ಅಲ್ಲಿ ಬಳಚು ಹೆಕ್ಕಲು ಬಂದ ಹೆಂಗಸರು ಬುಟ್ಟಿ ಹಿಡಿದುಕೊಂಡೇ ನಮ್ಮ ಕಚೇರಿಯ ಬಾಗಿಲಿಗೆ ಬಂದರು. ಬೆಂಟೊನೈಟ್ ವಿಷವಲ್ಲ, ಬರೀ ಜೇಡಿ ಎಂದು ನಮ್ಮವರೊಬ್ಬರು ವಿವರಿಸಲು ಹೊರಟಾಗ, ‘ಅದಕ್ಕೇ ಅಲ್ಲವೇ ಅದು ಉಸಿರು ಕಟ್ಟಿಸುವುದು’ ಎಂದು ಅವರಲ್ಲಿ ಹಿರಿಯಾಕೆ ಹೇಳಿದ್ದಕ್ಕೆ ಉತ್ತರವಿರಲಿಲ್ಲ. ಮರಳಿನಲ್ಲಿ ಹುದುಗಿ ನೀರು ಸೋಸಿ ಬದುಕುವ ಚಿಪ್ಪಿನ ಮೇಲೆ ಅಷ್ಟು ನುಣ್ಣನೆಯ ಜೇಡಿ ಕೂತರೆ ಆಗುವುದು ಅದೇ. ಸೋರಿಕೆಯ ಕೆಸರನ್ನು ಇಳಿತದ ಹೊತ್ತಿನಲ್ಲಿ ಕೈಯಿಂದ ಬಾಚಿ ತೆಗೆಸಿದೆವು. ದಡದಿಂದ ದೂರ, ಪ್ಲಾಸ್ಟಿಕ್ ಹಾಸಿದ ಮೂರು ಹೊಂಡ ತೋಡಿಸಿ, ತ್ಯಾಜ್ಯಕ್ಕೆ ಸುಣ್ಣದ ನೀರು ಬೆರೆಸಿ ಇಳಿಸತೊಡಗಿದೆವು. ಗುಂಡಿಯಲ್ಲಿ ನಮ್ಮನ್ನು ಕಾಡಿದ್ದ ಅದೇ ಕ್ಯಾಲ್ಸಿಯಂ ಇಲ್ಲಿ ಕೆಲಸಕ್ಕೆ ಬಂತು: ಒಂದು ದಿನದೊಳಗೆ ಜೇಡಿ ಗಡ್ಡೆಗಟ್ಟಿ ತಳ ಸೇರಿ, ಮೇಲೆ ತಿಳಿನೀರು ನಿಲ್ಲುತ್ತಿತ್ತು. ಆ ನೀರಿನ ಪಿಎಚ್ ನೋಡಿ, ರಸ್ತೆಯ ಧೂಳಿಗೆ ಚಿಮುಕಿಸಲು ಬಳಸಿದೆವು. ಬಿಸಿಲಿಗೆ ಬಿರುಕುಬಿಟ್ಟು ಒಣಗಿದ ಹೆಂಟೆಗಳನ್ನು, ಮೇ ಮುಗಿಯುವುದರೊಳಗೆ, ಮೊದಲ ಮಳೆ ಬಂದು ಮತ್ತೆ ಕೆಸರಾಗುವ ಮುನ್ನ, ಟಿಪ್ಪರಿನಲ್ಲಿ ತುಂಬಿ ಒಪ್ಪಿಗೆ ಪಡೆದ ಹಳೆಯ ಮುರಕಲ್ಲಿನ ಕ್ವಾರಿಗೆ ಸಾಗಿಸಿದೆವು.